ಅಮ್ಮನ 13 ಮಾತ್ರೆಗಳಲ್ಲಿ ಯಾವುದು ಬೇಕು, ಯಾವುದು ಬೇಡ?

ಪ್ರಶ್ನೆ: ನಮ್ಮ ಮನೆ ಕಾಪುವಿನ ಬಳಿ. ತಾಯಿಗೆ 79 ವರ್ಷ, ತೂಕ 46 ಕಿಲೋ. 20 ವರ್ಷಗಳಿಂದ ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ ಇದೆ. 6 ವರ್ಷಗಳ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. ಮಂಡಿನೋವು ಹಳೆಯದು, ತಲೆಸುತ್ತು ಒಂದು ವರ್ಷದ್ದು, ಕೈನಡುಕ ಈಚಿನದು. ಕಳೆದ ತಿಂಗಳು ರಾತ್ರಿ ಬಚ್ಚಲಿಗೆ ಹೋಗುವಾಗ ಬಿದ್ದು ಆಸ್ಪತ್ರೆ ಸೇರಿದರು. ಮೂಳೆ ಮುರಿದಿರಲಿಲ್ಲ, ಆದರೆ ಅಲ್ಲಿ ಎರಡು ದಿನ ಗೊಂದಲಕ್ಕೊಳಗಾಗಿ ನಮ್ಮನ್ನೇ ಗುರುತಿಸಲಿಲ್ಲ. ಮನೆಗೆ ಕಳುಹಿಸುವಾಗ ಕೊಟ್ಟ ಚೀಟಿಯಲ್ಲಿ 13 ಮಾತ್ರೆಗಳಿವೆ: ಮೆಟ್‌ಫಾರ್ಮಿನ್ 500 ಮಿ.ಗ್ರಾಂ. ದಿನಕ್ಕೆರಡು ಬಾರಿ, ಗ್ಲಿಮೆಪಿರೈಡ್, ಟೆಲ್ಮಿಸಾರ್ಟನ್–ಹೈಡ್ರೋಕ್ಲೋರೋಥಯಾಜೈಡ್, ಆಮ್ಲೋಡಿಪಿನ್ 10 ಮಿ.ಗ್ರಾಂ., ಫ್ಯುರೋಸೆಮೈಡ್, ಆಸ್ಪಿರಿನ್–ಕ್ಲೊಪಿಡೊಗ್ರೆಲ್–ಅಟೋರ್ವಾಸ್ಟಾಟಿನ್, ಪ್ಯಾಂಟೊಪ್ರಜೋಲ್–ಲೆವೊಸಲ್ಪಿರೈಡ್, ಪ್ರೊಕ್ಲೋರ್‌ಪೆರಜಿನ್, ಅಲ್ಪ್ರಜೋಲಮ್, ಅಸೆಕ್ಲೊಫೆನಾಕ್–ಪ್ಯಾರಸಿಟಮಾಲ್, ಲೆವೊಡೋಪಾ–ಕಾರ್ಬಿಡೋಪಾ, ಕ್ಯಾಲ್ಸಿಯಂ–ಡಿ3, ಒಂದು ಜೀವಸತ್ವದ ಮಾತ್ರೆ. ಕ್ರಿಯಾಟಿನಿನ್ 1.2, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ) 6.4. ಮುಂಬಯಿಯಲ್ಲಿರುವ ಅಣ್ಣ ಎಲ್ಲವನ್ನೂ ನಿಲ್ಲಿಸು ಎನ್ನುತ್ತಾನೆ. ನನಗೆ ಧೈರ್ಯ ಬರುತ್ತಿಲ್ಲ. ಏನು ಮಾಡಲಿ?

ಉತ್ತರ: ನಿಮಗೆ ಧೈರ್ಯ ಬಾರದಿರುವುದೇ ಸರಿ. ಈ ಚೀಟಿಯಲ್ಲಿ ನಾಳೆಯೇ ನಿಲ್ಲಬೇಕಾದ ಔಷಧವಿದೆ, ವಾರಗಟ್ಟಲೆ ನಿಧಾನವಾಗಿ ಇಳಿಸಬೇಕಾದುದಿದೆ, ಒಂದು ದಿನವೂ ತಪ್ಪಬಾರದ್ದೂ ಇದೆ. ಎಲ್ಲವನ್ನೂ ಒಟ್ಟಿಗೆ ಬಿಟ್ಟರೆ ಈ ಮೂರರ ನಡುವಿನ ವ್ಯತ್ಯಾಸವೇ ಅಳಿಸಿಹೋಗುತ್ತದೆ. ನಾನು ನಿಮ್ಮ ತಾಯಿಯನ್ನು ಪರೀಕ್ಷಿಸಿದವನಲ್ಲ, ಆದ್ದರಿಂದ ಇಲ್ಲಿ ಬರೆಯುವುದನ್ನು ಅವರ ವೈದ್ಯರ ಮುಂದಿಡಬೇಕಾದ ಪ್ರಶ್ನೆಗಳೆಂದು ತಿಳಿಯಿರಿ. ಆದರೆ ಆ ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಿ, ಉತ್ತರ ಸಿಗುವವರೆಗೂ ಕೇಳಿ.

ಐದು ಅಥವಾ ಅದಕ್ಕಿಂತ ಹೆಚ್ಚು ಔಷಧಗಳನ್ನು ನಿತ್ಯ ಸೇವಿಸುವುದನ್ನು ವೈದ್ಯಕೀಯದಲ್ಲಿ ಬಹುಔಷಧ ಸ್ಥಿತಿ ಎಂದು ಕರೆಯುವ ರೂಢಿಯಿದೆ. ನಿಮ್ಮ ಚೀಟಿಯಲ್ಲಿ ಹೆಸರುಗಳು 13 ಇದ್ದರೂ, ಜೋಡಿ ಮಾತ್ರೆಗಳನ್ನು ಬಿಡಿಸಿ ಎಣಿಸಿದರೆ ಜೀವಸತ್ವದ ಮಾತ್ರೆಯನ್ನು ಬಿಟ್ಟೇ 19 ಔಷಧಗಳಾಗುತ್ತವೆ. ಹಾಗಿದ್ದರೂ ಸಂಖ್ಯೆಯೊಂದನ್ನೇ ನೋಡಿ ತೀರ್ಪು ಕೊಡುವುದು ಸರಿಯಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ತೊಂದರೆ ಮೂರೂ ಇರುವವರಿಗೆ ಆರೇಳು ಔಷಧಗಳು ನಿಜವಾಗಿಯೂ ಬೇಕಾಗಬಹುದು. ಕೇಳಬೇಕಾದದ್ದು ಪ್ರತಿಯೊಂದು ಔಷಧದ ಬಗ್ಗೆ ಪ್ರತ್ಯೇಕವಾಗಿ: ಇದನ್ನು ಯಾವ ಕಾರಣಕ್ಕೆ ಆರಂಭಿಸಿದರು, ಆ ಕಾರಣ ಇಂದಿಗೂ ಉಳಿದಿದೆಯೇ, ಈ ವಯಸ್ಸಿನ, ಈ ತೂಕದ, ಈ ಮೂತ್ರಪಿಂಡದ ದೇಹಕ್ಕೆ ಈ ಪ್ರಮಾಣ ಸರಿಯೇ, ಮತ್ತು ಇದು ಮತ್ತೊಂದು ಔಷಧದ ಅಡ್ಡಪರಿಣಾಮಕ್ಕಾಗಿ ಕೊಟ್ಟದ್ದೇ?

ನಿಮ್ಮ ತಾಯಿಯ ಚೀಟಿಯಲ್ಲಿ ನನ್ನ ಗಮನವನ್ನು ಮೊದಲು ಸೆಳೆದದ್ದು ಈ ಕೊನೆಯ ಪ್ರಶ್ನೆಯೇ. ಒಂದು ಔಷಧದ ಅಡ್ಡಪರಿಣಾಮವನ್ನು ಹೊಸ ಕಾಯಿಲೆಯೆಂದು ಭಾವಿಸಿ ಅದಕ್ಕೆ ಇನ್ನೊಂದು ಔಷಧ, ಅದರ ಪರಿಣಾಮಕ್ಕೆ ಮತ್ತೊಂದು, ಹೀಗೆ ಚೀಟಿ ಬೆಳೆಯುವುದನ್ನು ಔಷಧ ಸರಪಳಿ ಎನ್ನಬಹುದು. ಅಂಥ ಸರಪಳಿಗಳು ಇಲ್ಲಿ ಎರಡು ಇರುವಂತೆ ಕಾಣುತ್ತದೆ.

ಮೊದಲನೆಯದು ತಲೆಸುತ್ತಿನಿಂದ ಕೈನಡುಕದವರೆಗಿನದು. ಕರಾವಳಿಯಲ್ಲಷ್ಟೇ ಅಲ್ಲ, ನಮ್ಮ ದೇಶದಾದ್ಯಂತ ಹಿರಿಯರು ತಲೆಸುತ್ತು ಎಂದೊಡನೆ ಪ್ರೊಕ್ಲೋರ್‌ಪೆರಜಿನ್ ಅಥವಾ ಸಿನ್ನರಿಜಿನ್ ಬರೆಯುವ ರೂಢಿ ಬಲವಾಗಿದೆ. ಒಳಕಿವಿಯ ತೊಂದರೆಯಿಂದ ಹಠಾತ್ತಾಗಿ ಲೋಕವೇ ತಿರುಗಿದಂತಾಗಿ ವಾಂತಿಯಾಗುವಾಗ ಇವು ಕೆಲವು ದಿನಗಳ ಮಟ್ಟಿಗೆ ಉಪಯುಕ್ತ. ತಿಂಗಳುಗಟ್ಟಲೆ ಕೊಡಲು ಇವು ತಕ್ಕ ಔಷಧಗಳಲ್ಲ. ಪ್ರೊಕ್ಲೋರ್‌ಪೆರಜಿನ್ ಮಿದುಳಿನಲ್ಲಿ ಡೋಪಮಿನ್‌ನ, ಅಂದರೆ ದೇಹದ ಚಲನೆಯನ್ನು ಹಿಡಿತದಲ್ಲಿಡುವ ರಾಸಾಯನಿಕದ, ಕೆಲಸವನ್ನು ತಡೆಯುತ್ತದೆ. ಹೊಟ್ಟೆಯ ಉಬ್ಬರಕ್ಕೆಂದು ಪ್ಯಾಂಟೊಪ್ರಜೋಲ್ ಜೊತೆ ಸೇರಿಸಿ ಮಾರುವ ಲೆವೊಸಲ್ಪಿರೈಡ್ ಕೂಡ ಅದನ್ನೇ ಮಾಡುತ್ತದೆ. ಗ್ಯಾಸ್ ಮಾತ್ರೆಯೆಂದೇ ಮನೆಮಂದಿ ತಿಳಿದಿರುವ ಕ್ಯಾಪ್ಸೂಲಿನೊಳಗೆ ಹೀಗೆ ಮಿದುಳಿಗೆ ತಾಗುವ ಔಷಧವೊಂದು ಇರುತ್ತದೆ ಎಂಬುದು ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಡೋಪಮಿನ್ ತಡೆಗೊಂಡಾಗ ಕೈ ನಡುಗುತ್ತದೆ, ಹೆಜ್ಜೆ ಕಿರಿದಾಗುತ್ತದೆ, ಮುಖದ ಭಾವ ಮಂಕಾಗುತ್ತದೆ, ಎದ್ದು ನಿಲ್ಲುವುದು ನಿಧಾನವಾಗುತ್ತದೆ. ನೋಡಿದವರಿಗೆ ಅದು ಪಾರ್ಕಿನ್ಸನ್ ಕಾಯಿಲೆಯೇ. ಆಗ ಲೆವೊಡೋಪಾ ಆರಂಭವಾಗುತ್ತದೆ. ಒಂದೇ ಚೀಟಿಯಲ್ಲಿ ಡೋಪಮಿನ್ ತಡೆಯುವ ಎರಡು ಔಷಧಗಳೂ ಡೋಪಮಿನ್ ಹೆಚ್ಚಿಸುವ ಒಂದು ಔಷಧವೂ ಇದ್ದರೆ ಅವು ಒಂದಕ್ಕೊಂದು ಎದುರಾಗಿ ನಿಂತಿವೆ ಎಂದೇ ಅರ್ಥ. ಸಾಲದ್ದಕ್ಕೆ ಲೆವೊಡೋಪಾ ಎದ್ದು ನಿಂತಾಗಿನ ರಕ್ತದೊತ್ತಡವನ್ನು ಇಳಿಸುತ್ತದೆ, ಪ್ರೊಕ್ಲೋರ್‌ಪೆರಜಿನ್ ಕೂಡ ಇಳಿಸುತ್ತದೆ. ತಲೆಸುತ್ತು ಮತ್ತೆ ಬರುತ್ತದೆ.

ಆದ್ದರಿಂದ ವೈದ್ಯರಲ್ಲಿ ಕೇಳಬೇಕಾದ ಮೊದಲ ಮಾತು ಇದು: ಪ್ರೊಕ್ಲೋರ್‌ಪೆರಜಿನ್ ಮತ್ತು ಲೆವೊಸಲ್ಪಿರೈಡ್ ಇವೆರಡನ್ನು ನಿಲ್ಲಿಸಿ, ಕೆಲವು ವಾರ ಕಾದು, ನಡುಕ ಏನಾಗುತ್ತದೆ ಎಂದು ನೋಡಬಹುದೇ? ಔಷಧದಿಂದ ಬಂದ ನಡುಕ ವಾರಗಳಿಂದ ತಿಂಗಳುಗಳ ಅವಧಿಯಲ್ಲಿ ಇಳಿಯುತ್ತದೆ. ಅವಸರ ಬೇಡ, ಕೆಲವರಿಗೆ ಆರು ತಿಂಗಳೂ ಬೇಕಾಗುತ್ತದೆ. ಅಷ್ಟಾದರೂ ಇಳಿಯದಿದ್ದರೆ ನಿಜವಾದ ಪಾರ್ಕಿನ್ಸನ್ ಕಾಯಿಲೆ ಒಳಗಿದ್ದು ಈ ಔಷಧಗಳಿಂದ ಮೊದಲೇ ಬಯಲಾಗಿರಬಹುದು, ಅದನ್ನು ನರರೋಗ ತಜ್ಞರು ನಿರ್ಧರಿಸುತ್ತಾರೆ. ಲೆವೊಡೋಪಾವನ್ನು ಮಾತ್ರ ನೀವಾಗಿ ಒಮ್ಮೆಲೇ ನಿಲ್ಲಿಸಬಾರದು.

ಎರಡನೆಯ ಸರಪಳಿ, ನೀವು ಬರೆಯದಿದ್ದರೂ ಚೀಟಿ ನೋಡಿ ನಾನು ಊಹಿಸುವಂತೆ, ಕಾಲಿನ ಊತದ್ದು. ಆಮ್ಲೋಡಿಪಿನ್, ಅದರಲ್ಲೂ 10 ಮಿ.ಗ್ರಾಂ. ಪ್ರಮಾಣದಲ್ಲಿ, ಅನೇಕರಿಗೆ ಪಾದದ ಗಂಟಿನ ಸುತ್ತ ಊತ ತರುತ್ತದೆ. ಅದು ದೇಹದಲ್ಲಿ ನೀರು ಹೆಚ್ಚಾದುದರಿಂದ ಬಂದ ಊತವಲ್ಲ. ಸಣ್ಣ ರಕ್ತನಾಳಗಳು ಹಿಗ್ಗಿ ದ್ರವ ಹೊರಗೆ ಜಿನುಗುವುದರಿಂದ ಬಂದದ್ದು, ಹಾಗಾಗಿ ಮೂತ್ರ ಹೆಚ್ಚಿಸುವ ಔಷಧಕ್ಕೆ ಅದು ಅಷ್ಟಾಗಿ ಬಗ್ಗುವುದಿಲ್ಲ. ಹಾಗಿದ್ದೂ ಊತ ಕಂಡಲ್ಲಿ ಫ್ಯುರೋಸೆಮೈಡ್ ಬರೆಯುವುದು ತೀರಾ ಸಾಮಾನ್ಯ. ನಿಮ್ಮ ತಾಯಿಗೆ ಹೃದಯ ವೈಫಲ್ಯ ಇದೆಯೆಂದು ಎಕೋ ಪರೀಕ್ಷೆಯಲ್ಲಿ ಕಂಡಿದೆಯೇ ಎಂದು ಕೇಳಿ. ಕಂಡಿದ್ದರೆ ಫ್ಯುರೋಸೆಮೈಡ್‌ಗೆ ಕಾರಣವಿದೆ. ಕಂಡಿಲ್ಲವಾದರೆ ಆಮ್ಲೋಡಿಪಿನ್ ಅನ್ನು 5 ಮಿ.ಗ್ರಾಂ.ಗೆ ಇಳಿಸುವುದು ಅಥವಾ ಬದಲಿಸುವುದು ಸರಿಯಾದ ದಾರಿ. ಮುಂದುವರಿಸಲೇಬೇಕಾದರೂ ಫ್ಯುರೋಸೆಮೈಡ್ ಅನ್ನು ಬೆಳಿಗ್ಗೆ ಕೊಡಬೇಕು. ಸಂಜೆ ಕೊಟ್ಟರೆ ರಾತ್ರಿ ಮೂರು ನಾಲ್ಕು ಬಾರಿ ಏಳಬೇಕಾಗುತ್ತದೆ, ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಬಚ್ಚಲು ಹಿಂಬದಿಯಲ್ಲಿ ಹೊರಗಿರುತ್ತದೆ, ಮಳೆಗಾಲದಲ್ಲಿ ಅಂಗಳಕ್ಕೆ ಪಾಚಿ ಹಿಡಿದಿರುತ್ತದೆ. ನಿದ್ದೆ ಮಾತ್ರೆಯಾದ ಅಲ್ಪ್ರಜೋಲಮ್‌ನ ಮಂಪರು, ಎದ್ದಾಗ ಇಳಿಯುವ ರಕ್ತದೊತ್ತಡ, ಮೂತ್ರದ ಅವಸರ ಈ ಮೂರೂ ಸೇರಿದ ಮೇಲೆ ಅವರು ಬಿದ್ದದ್ದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

ಮಲಗಿದಾಗಿನ ಮತ್ತು ಎದ್ದು ನಿಂತ ಮೂರು ನಿಮಿಷದೊಳಗಿನ ರಕ್ತದೊತ್ತಡವನ್ನು ಅಳೆದು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಮೇಲಿನ ಸಂಖ್ಯೆ 20 ಅಥವಾ ಕೆಳಗಿನ ಸಂಖ್ಯೆ 10 ಇಳಿದರೆ ಅದು ರೋಗಲಕ್ಷಣವೇ. ಹಿರಿಯರ ತಲೆಸುತ್ತಿಗೆ ಔಷಧ ಬರೆಯುವ ಮುನ್ನ ಆಗಬೇಕಾದ ಪರೀಕ್ಷೆಯಿದು. ಇದಕ್ಕೆ ರಕ್ತದೊತ್ತಡ ಅಳೆಯುವ ಸಾಧನದ ಹೊರತು ಬೇರೆ ಯಂತ್ರ ಬೇಡ, ಖರ್ಚಿಲ್ಲ, ಐದಾರು ನಿಮಿಷ ಸಾಕು. ಹಾಗಿದ್ದೂ ಜನ ತುಂಬಿದ ಒಪಿಡಿಯಲ್ಲಿ ಬಿಟ್ಟುಹೋಗುವುದು ಇದೇ.

ಇನ್ನು ಮೂತ್ರಪಿಂಡದ ವಿಷಯ. ಕ್ರಿಯಾಟಿನಿನ್ 1.2 ಎಂದರೆ ಸ್ವಲ್ಪ ಹೆಚ್ಚು, ಪರವಾಗಿಲ್ಲ ಎಂದು ನಿಮಗೆ ಯಾರಾದರೂ ಹೇಳಿರಬಹುದು. ಕ್ರಿಯಾಟಿನಿನ್ ಎಂಬ ತ್ಯಾಜ್ಯ ಹುಟ್ಟುವುದು ಸ್ನಾಯುಗಳಲ್ಲಿ, ಅದನ್ನು ಹೊರಹಾಕುವುದು ಮೂತ್ರಪಿಂಡ. ವಯಸ್ಸಾಗಿ ಸ್ನಾಯು ಕರಗಿದವರಲ್ಲಿ ಅದು ಹುಟ್ಟುವುದೇ ಕಡಿಮೆಯಾದ್ದರಿಂದ, ಮೂತ್ರಪಿಂಡ ಸೊರಗಿದ್ದರೂ ರಕ್ತದಲ್ಲಿನ ಸಂಖ್ಯೆ ಸಹಜದ ಹತ್ತಿರವೇ ಇರುತ್ತದೆ. 1976ರಲ್ಲಿ ಪ್ರಕಟವಾದ, ಇಂದಿಗೂ ಔಷಧದ ಪ್ರಮಾಣ ನಿರ್ಧರಿಸಲು ಬಳಸುವ ಕಾಕ್‌ಕ್ರಾಫ್ಟ್–ಗಾಲ್ಟ್ ಸೂತ್ರದಲ್ಲಿ, 140ರಿಂದ ವಯಸ್ಸನ್ನು ಕಳೆದು, ತೂಕದಿಂದ ಗುಣಿಸಿ, 72 ಮತ್ತು ಕ್ರಿಯಾಟಿನಿನ್‌ಗಳ ಗುಣಲಬ್ಧದಿಂದ ಭಾಗಿಸಿ, ಹೆಂಗಸರಿಗಾದರೆ 0.85ರಿಂದ ಗುಣಿಸಬೇಕು. ನಿಮ್ಮ ತಾಯಿಗೆ ಲೆಕ್ಕ ಹಾಕಿದರೆ ಮೂತ್ರಪಿಂಡ ರಕ್ತವನ್ನು ಶೋಧಿಸುವ ವೇಗ ನಿಮಿಷಕ್ಕೆ ಸುಮಾರು 28 ಮಿಲಿಲೀಟರ್ ಎಂದು ಬರುತ್ತದೆ. ಪ್ರಯೋಗಾಲಯದ ವರದಿಯಲ್ಲಿ ಅಚ್ಚಾಗುವ ಇಜಿಎಫ್‌ಆರ್ (ಇದೇ ವೇಗದ ಇನ್ನೊಂದು ಅಂದಾಜು) ಇದಕ್ಕಿಂತ ಹೆಚ್ಚು, 46ರ ಆಸುಪಾಸಿನಲ್ಲಿ ಇರಬಹುದು. ಅದು ಸರಾಸರಿ ದೇಹಗಾತ್ರಕ್ಕೆ ಹೊಂದಿಸಿ ತೆಗೆದ ಸಂಖ್ಯೆಯಾದ್ದರಿಂದ ಸಣ್ಣ ಮೈಕಟ್ಟಿನವರಲ್ಲಿ ಈ ಅಂತರ ಕಾಣುತ್ತದೆ. ವೈದ್ಯರು ಎರಡನ್ನೂ ಮುಂದಿಟ್ಟುಕೊಂಡು ತೂಗಿ ನೋಡುತ್ತಾರೆ. ಯಾವುದನ್ನು ಹಿಡಿದರೂ ಇದು ರಕ್ಷಣೆ ಬೇಕಾದ ಮೂತ್ರಪಿಂಡ.

ಅಂಥ ಮೂತ್ರಪಿಂಡಕ್ಕೆ ಈ ಚೀಟಿಯಲ್ಲಿ ಅತಿ ದೊಡ್ಡ ಅಪಾಯ ಮಂಡಿನೋವಿನ ಮಾತ್ರೆ. ಅಸೆಕ್ಲೊಫೆನಾಕ್, ಡೈಕ್ಲೊಫೆನಾಕ್, ಐಬುಪ್ರೊಫೆನ್ ಗುಂಪಿನ ನೋವುನಿವಾರಕಗಳು ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ಕುಗ್ಗಿಸುತ್ತವೆ. ಟೆಲ್ಮಿಸಾರ್ಟನ್ ಮೂತ್ರಪಿಂಡದೊಳಗಿನ ಒತ್ತಡವನ್ನು ತಗ್ಗಿಸುತ್ತದೆ, ಮೂತ್ರವರ್ಧಕ ದೇಹದ ನೀರನ್ನು ಇಳಿಸುತ್ತದೆ. ಒಂದೊಂದೇ ಇದ್ದಾಗ ದೇಹ ಸಂಭಾಳಿಸುತ್ತದೆ. ಮೂರೂ ಸೇರಿದಾಗ ಕೆಲವೇ ದಿನಗಳಲ್ಲಿ ಮೂತ್ರಪಿಂಡ ಕುಸಿಯಬಹುದು. ಇಲ್ಲಿ ಮೂತ್ರವರ್ಧಕಗಳೇ ಎರಡಿವೆ, ಹೈಡ್ರೋಕ್ಲೋರೋಥಯಾಜೈಡ್ ಮತ್ತು ಫ್ಯುರೋಸೆಮೈಡ್. ಜೊತೆಗೆ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಇರುವಾಗ ಅಸೆಕ್ಲೊಫೆನಾಕ್ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವವಾಗುವ ಅಪಾಯವೂ ಏರುತ್ತದೆ. ನಾಳೆಯೇ ನಿಲ್ಲಬೇಕಾದುದೆಂದು ಮೊದಲು ಹೇಳಿದ್ದು ಇದನ್ನೇ. ಬದಲಿಗೆ ಬರಿಯ ಪ್ಯಾರಸಿಟಮಾಲ್ 500 ಮಿ.ಗ್ರಾಂ. ದಿನಕ್ಕೆ ಮೂರು ಬಾರಿ, ಮಂಡಿಗೆ ಹಚ್ಚುವ ಡೈಕ್ಲೊಫೆನಾಕ್ ಜೆಲ್, ತೊಡೆಯ ಸ್ನಾಯು ಗಟ್ಟಿಯಾಗುವ ವ್ಯಾಯಾಮ, ಒಂದು ಊರುಗೋಲು. ಇವುಗಳಿಂದ ನೋವು ಪೂರ್ತಿ ಹೋಗಲಿಕ್ಕಿಲ್ಲ, ಆದರೆ ನಡೆದಾಡುವಷ್ಟು ಇಳಿಯುತ್ತದೆ.

ಮೆಟ್‌ಫಾರ್ಮಿನ್ ಕಿಡ್ನಿ ಹಾಳುಮಾಡುತ್ತದೆ ಎಂಬ ಭಯ ನಮ್ಮಲ್ಲಿ ಬಹಳ. ಅದು ಹಾಳುಮಾಡುವುದಿಲ್ಲ. ಮೂತ್ರಪಿಂಡ ಸೊರಗಿದಾಗ ಅದು ದೇಹದಲ್ಲಿ ಸಂಗ್ರಹವಾಗುತ್ತದೆ, ಅದಕ್ಕಾಗಿ ಇಜಿಎಫ್‌ಆರ್ 45ಕ್ಕಿಂತ ಕೆಳಗಿಳಿದರೆ ಪ್ರಮಾಣ ಇಳಿಸುತ್ತಾರೆ, 30ಕ್ಕಿಂತ ಕೆಳಗಿಳಿದರೆ ನಿಲ್ಲಿಸುತ್ತಾರೆ. ದಿನಕ್ಕೆ 1000 ಮಿ.ಗ್ರಾಂ. ಎಂಬುದು ಸದ್ಯಕ್ಕೆ ಮಿತಿಯೊಳಗೇ ಇದೆ, ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ತಪ್ಪಬಾರದು ಅಷ್ಟೆ. ನನಗೆ ಆತಂಕವಿರುವುದು ಗ್ಲಿಮೆಪಿರೈಡ್ ಬಗ್ಗೆ ಮತ್ತು ನೀವು ಸಮಾಧಾನದಿಂದಲೇ ಬರೆದಿರಬಹುದಾದ ಆ 6.4 ಎಂಬ ಸಂಖ್ಯೆಯ ಬಗ್ಗೆ. ಸಕ್ಕರೆ ಇಳಿಸುವ ಇಂಥ ಔಷಧ ತೆಗೆದುಕೊಳ್ಳುವ, ಹಲವು ಕಾಯಿಲೆಗಳಿರುವ 79ರ ವಯಸ್ಸಿನವರಿಗೆ ಎಚ್‌ಬಿಎ1ಸಿ 8ರ ಒಳಗಿದ್ದರೆ ಸಾಕು. 6.4 ಎಂದರೆ ದಿನದ ಯಾವುದೋ ಹೊತ್ತಿನಲ್ಲಿ, ಬಹುಶಃ ರಾತ್ರಿ ಗಂಜಿ ಅರ್ಧ ಉಳಿಸಿ ಮಲಗಿದ ಮೇಲೆ, ಸಕ್ಕರೆ ಅಪಾಯಕರವಾಗಿ ಕುಸಿಯುತ್ತಿರಬಹುದು ಎಂದರ್ಥ. ಹಿರಿಯರಲ್ಲಿ ಸಕ್ಕರೆ ಕುಸಿದಾಗ ಬೆವರು, ನಡುಕ ಕಾಣಿಸದೆ ನೇರವಾಗಿ ಗೊಂದಲ ಅಥವಾ ಬೀಳುವಿಕೆಯಾಗಿ ಕಾಣಿಸಿಕೊಳ್ಳಬಹುದು. ಮೊದಲು ಇಳಿಸಬೇಕಾದ ಸಕ್ಕರೆ ಮಾತ್ರೆ ಗ್ಲಿಮೆಪಿರೈಡ್.

ಆಸ್ಪತ್ರೆಯಲ್ಲಿ ಎರಡು ದಿನ ಅವರು ನಿಮ್ಮನ್ನು ಗುರುತಿಸದಿದ್ದ ಸ್ಥಿತಿಯನ್ನು ವಯಸ್ಸಾಯಿತು ಎಂದು ಬಿಡಬೇಡಿ. ಅದಕ್ಕೆ ಸನ್ನಿಯೆಂದು ಹೆಸರು, ಅದಕ್ಕೆ ಕಾರಣಗಳಿರುತ್ತವೆ. ಸೋಂಕು, ಸಕ್ಕರೆಯ ಕುಸಿತ, ಹೈಡ್ರೋಕ್ಲೋರೋಥಯಾಜೈಡ್‌ನಿಂದ ರಕ್ತದ ಸೋಡಿಯಂ ಇಳಿಯುವುದು, ಅಲ್ಪ್ರಜೋಲಮ್‌ನ ಪರಿಣಾಮ ಇವೆಲ್ಲ ಆ ಪಟ್ಟಿಯಲ್ಲಿವೆ. ನಿತ್ಯ ಸೇವಿಸುವ ಅಲ್ಪ್ರಜೋಲಮ್ ಆಸ್ಪತ್ರೆ ಸೇರಿದ ದಿನ ಯಾರಿಗೂ ಗೊತ್ತಾಗದೆ ತಪ್ಪಿಹೋದರೂ ಸನ್ನಿ ಬರಬಹುದು. ಹೀಗಾಗಿಯೇ ಅದನ್ನು ಥಟ್ಟನೆ ನಿಲ್ಲಿಸುವಂತಿಲ್ಲ, ವಾರಗಳಿಂದ ತಿಂಗಳುಗಳವರೆಗೆ ಸ್ವಲ್ಪಸ್ವಲ್ಪವೇ ಇಳಿಸಬೇಕು. ಇಷ್ಟು ವಯಸ್ಸಿನಲ್ಲಿ ಇದು ಸಾಧ್ಯವೇ ಎಂದು ಕೇಳುವವರಿಗೆ 2014ರಲ್ಲಿ ಕೆನಡಾದ ಕ್ವಿಬೆಕ್‌ನಿಂದ ಪ್ರಕಟವಾದ ಎಂಪವರ್ ಅಧ್ಯಯನವನ್ನು ನಾನು ನೆನಪಿಸುತ್ತೇನೆ. ಈ ಗುಂಪಿನ ನಿದ್ದೆ ಮಾತ್ರೆಗಳ ಅಪಾಯವನ್ನೂ ಇಳಿಸುವ ಕ್ರಮವನ್ನೂ ಸರಳವಾಗಿ ವಿವರಿಸಿದ ಕೈಪಿಡಿಯನ್ನು ಹಿರಿಯರ ಕೈಗೇ ಕೊಟ್ಟಾಗ, ಆರು ತಿಂಗಳಲ್ಲಿ ಶೇ. 27ರಷ್ಟು ಮಂದಿ ಮಾತ್ರೆಯನ್ನು ಪೂರ್ತಿ ಬಿಟ್ಟಿದ್ದರು. ಕೈಪಿಡಿ ಸಿಗದವರಲ್ಲಿ ಬಿಟ್ಟವರು ಶೇ. 5 ಮಾತ್ರ. ಹಿರಿಯರಿಗೆ ವಿಷಯ ತಿಳಿಸಿದರೆ ಅವರೇ ನಿರ್ಧರಿಸಬಲ್ಲರು. ನಿಮ್ಮ ತಾಯಿಯ ಮಾತ್ರೆಗಳ ಬಗ್ಗೆ ನಡೆಯುವ ಮಾತುಕತೆಯಲ್ಲಿ ಅವರನ್ನೂ ಕೂರಿಸಿಕೊಳ್ಳಿ, ತುಳುವಿನಲ್ಲೋ ಕನ್ನಡದಲ್ಲೋ ಅವರಿಗೆ ಒಗ್ಗುವ ಭಾಷೆಯಲ್ಲಿ ಮಾತಾಡಿ.

ನಿಮ್ಮ ಅಣ್ಣನಿಗೆ ಖಂಡಿತವಾಗಿ ಹೇಳಬೇಕಾದ ಮಾತೆಂದರೆ, ಸ್ಟೆಂಟ್ ಇರುವವರು ಆಸ್ಪಿರಿನ್ ಬಿಡಬಾರದು. ಹೃದಯದ ಕಾಯಿಲೆಯಿಲ್ಲದ 70 ದಾಟಿದವರು ಮುನ್ನೆಚ್ಚರಿಕೆಗೆಂದು ಆಸ್ಪಿರಿನ್ ಸೇವಿಸುವುದರಿಂದ ಲಾಭವಿಲ್ಲ, ರಕ್ತಸ್ರಾವ ಹೆಚ್ಚು ಎಂದು 2018ರಲ್ಲಿ ಆಸ್ಟ್ರೇಲಿಯಾ ಮತ್ತು ಅಮೆರಿಕದ 19,114 ಜನರ ಆಸ್ಪ್ರಿ ಅಧ್ಯಯನ ತೋರಿಸಿತು. ನಿಮ್ಮ ಅಣ್ಣ ಅದರ ಬಗ್ಗೆಯೇ ಎಲ್ಲೋ ಓದಿರಬಹುದು. ನಿಮ್ಮ ತಾಯಿ ಆ ಗುಂಪಿಗೆ ಸೇರಿದವರಲ್ಲ. ಅವರಲ್ಲಿ ಚರ್ಚೆಯಾಗಬೇಕಾದದ್ದು ಕ್ಲೊಪಿಡೊಗ್ರೆಲ್. ಸ್ಟೆಂಟ್ ಆದ ಮೇಲೆ ಈ ಎರಡನ್ನೂ ಒಟ್ಟಿಗೆ ಸಾಮಾನ್ಯವಾಗಿ 6ರಿಂದ 12 ತಿಂಗಳು ಕೊಟ್ಟು, ಮುಂದೆ ಒಂದನ್ನೇ ಉಳಿಸುತ್ತಾರೆ. ಮೂರನ್ನೂ ಒಂದೇ ಕ್ಯಾಪ್ಸೂಲಿನಲ್ಲಿ ಸೇರಿಸಿದಾಗ ಒಂದನ್ನು ತೆಗೆಯುವ ದಿನ ಬಂದದ್ದು ಯಾರ ಕಣ್ಣಿಗೂ ಬೀಳದೆ ವರ್ಷಗಳು ಉರುಳುತ್ತವೆ. 6 ವರ್ಷ ಕಳೆದಿರುವುದರಿಂದ ಎರಡೂ ಇನ್ನೂ ಏಕೆ ಬೇಕು ಎಂದು ಹೃದ್ರೋಗ ತಜ್ಞರನ್ನು ಕೇಳಿ, ಅವರ ಉತ್ತರದಂತೆ ನಡೆಯಿರಿ. ಅಟೋರ್ವಾಸ್ಟಾಟಿನ್ ಮುಂದುವರಿಯಲಿ. ಈ ರಕ್ತ ತೆಳುಮಾಡುವ ಔಷಧಗಳು ಇರುವಷ್ಟು ದಿನ ಹೊಟ್ಟೆಯ ರಕ್ಷಣೆಗೆ ಬರಿಯ ಪ್ಯಾಂಟೊಪ್ರಜೋಲ್‌ಗೂ ಕಾರಣವಿದೆ.

ಸೇರಿಸಬೇಕಾದುದೂ ಇರಬಹುದು ಎಂಬುದನ್ನು ಮರೆಯಬಾರದು. ಒಮ್ಮೆ ಬಿದ್ದವರಿಗೆ ಮೂಳೆಯ ಸಾಂದ್ರತೆಯ ಪರೀಕ್ಷೆ ಮಾಡಿಸಬೇಕು. ಚಿಕಿತ್ಸೆ ಬೇಕೆಂದು ಕಂಡುಬಂದರೆ, ಇಷ್ಟು ಸೊರಗಿದ ಮೂತ್ರಪಿಂಡಕ್ಕೆ ಅಲೆಂಡ್ರೊನೇಟ್ ಹೊಂದದ ಕಾರಣ ಬೇರೆ ಔಷಧವನ್ನು ಯೋಚಿಸಬೇಕಾಗುತ್ತದೆ.

ವೈದ್ಯರಿಗೆ ಇದಕ್ಕೆಲ್ಲ ಮಾರ್ಗದರ್ಶಿ ಪಟ್ಟಿಗಳಿವೆ. ಮಾರ್ಕ್ ಬಿಯರ್ಸ್ 1991ರಲ್ಲಿ ಅಮೆರಿಕದಲ್ಲಿ ರೂಪಿಸಿದ, 2023ರಲ್ಲಿ ಮತ್ತೆ ಪರಿಷ್ಕೃತವಾದ ಬಿಯರ್ಸ್ ಮಾನದಂಡವಿದೆ. ಐರ್ಲೆಂಡ್‌ನಲ್ಲಿ ಹುಟ್ಟಿ 2008ರಲ್ಲಿ ಪ್ರಕಟವಾದ, ನಿಲ್ಲಿಸಬೇಕಾದುದನ್ನೂ ಆರಂಭಿಸಬೇಕಾದುದನ್ನೂ ಹೇಳುವ ಸ್ಟಾಪ್–ಸ್ಟಾರ್ಟ್ ಇದೆ. ಇವು ಉಪಯುಕ್ತ, ಆದರೆ ಪಟ್ಟಿಯಿಂದಲೇ ಎಲ್ಲ ಆಗುವುದಿಲ್ಲ. ಐರೋಪ್ಯ ಆಸ್ಪತ್ರೆಗಳಲ್ಲಿ ದಾಖಲಾದ, 70 ದಾಟಿದ, ಹಲವು ದೀರ್ಘಕಾಲೀನ ಕಾಯಿಲೆಗಳಿದ್ದ 2,008 ರೋಗಿಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಆಪರಾಮ್ ಅಧ್ಯಯನದಲ್ಲಿ, ವೈದ್ಯರೂ ಔಷಧತಜ್ಞರೂ ಕಂಪ್ಯೂಟರಿನ ನೆರವಿನಿಂದ ಇಡೀ ಚೀಟಿಯನ್ನು ಪರಿಶೀಲಿಸಿದಾಗ ಅನುಚಿತ ಔಷಧಗಳು ಕಡಿಮೆಯಾದವು, ಅದರಿಂದ ರೋಗಿಗಳಿಗೆ ಹಾನಿಯೂ ಆಗಲಿಲ್ಲ. ಆದರೆ ಔಷಧದ ಕಾರಣದಿಂದ ಮತ್ತೆ ಆಸ್ಪತ್ರೆ ಸೇರುವುದು ಗಮನಾರ್ಹವಾಗಿ ಇಳಿಯಲಿಲ್ಲ. ನಾನು ಇದನ್ನು ಹೀಗೆ ಓದುತ್ತೇನೆ: ಆಸ್ಪತ್ರೆಯಲ್ಲಿ ಒಂದು ಸಲ ಚೀಟಿ ತಿದ್ದಿದರೆ ಸಾಲದು, ಮನೆಗೆ ಹೋದ ಮೇಲೂ ಆ ಚೀಟಿಯನ್ನು ತನ್ನದೆಂದು ನೋಡಿಕೊಳ್ಳುವ ಒಬ್ಬ ವೈದ್ಯರಿರಬೇಕು. ಉಡುಪಿ, ದಕ್ಷಿಣ ಕನ್ನಡ ಎಂಬ ನಮ್ಮ ಎರಡು ಜಿಲ್ಲೆಗಳಲ್ಲಿ ತಜ್ಞರಿಗೆ ಬರವಿಲ್ಲ. ಮಣಿಪಾಲ, ಮಂಗಳೂರುಗಳಲ್ಲಿ 1950ರ ದಶಕದಿಂದಲೇ ವೈದ್ಯಕೀಯ ಕಾಲೇಜುಗಳಿವೆ. ಹೃದಯಕ್ಕೆ ಮಂಗಳೂರು, ಸಕ್ಕರೆಗೆ ಮಣಿಪಾಲ, ಮಂಡಿಗೆ ಉಡುಪಿ, ಜ್ವರಕ್ಕೆ ಊರಿನ ಡಾಕ್ಟರು ಎಂದು ಓಡಾಡುವ ಮನೆಗಳಲ್ಲಿ ಪ್ರತಿ ಅಂಗಕ್ಕೂ ಒಬ್ಬರಿದ್ದಾರೆ, ಒಟ್ಟು ಮನುಷ್ಯನಿಗೆ ಮಾತ್ರ ಯಾರೂ ಇಲ್ಲ. ಆ ಸ್ಥಾನಕ್ಕೆ ಒಬ್ಬ ಸಾಮಾನ್ಯ ವೈದ್ಯರನ್ನು ಅಥವಾ ವೃದ್ಧರೋಗ ತಜ್ಞರನ್ನು ಆರಿಸಿಕೊಳ್ಳಿ, ಉಳಿದವರ ಸಲಹೆಗಳು ಅವರ ಮೂಲಕವೇ ಚೀಟಿ ಸೇರಲಿ.

ಅವರ ಬಳಿ ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ, ಹಳೆಯವನ್ನೂ ಸೇರಿಸಿ, ಒಂದು ತೊಟ್ಟೆಯಲ್ಲಿ ಹಾಕಿಕೊಂಡು ಹೋಗಿ. ಹೆಸರು ಬೇರೆ, ಔಷಧ ಒಂದೇ ಆಗಿರುವುದು ಹೀಗೆ ಹರವಿದಾಗಲೇ ಸಿಗುತ್ತದೆ. ಟೆಲ್ಮಾ ಮತ್ತು ಟೆಲ್ಮಿಕೈಂಡ್ ಎರಡೂ ಟೆಲ್ಮಿಸಾರ್ಟನ್. ಜನೌಷಧಿ ಕೇಂದ್ರದಿಂದ ತಂದ ಮಾತ್ರೆಯೂ ಸೇರಿಕೊಂಡರೆ ಒಂದೇ ಔಷಧ ಮೂರು ಬಾರಿ ಹೊಟ್ಟೆ ಸೇರಬಹುದು. ಅರಿಷ್ಟ, ಕಷಾಯ, ಚೂರ್ಣಗಳನ್ನೂ ಮುಚ್ಚಿಡದೆ ತೋರಿಸಿ. ಜ್ಯೇಷ್ಠಮಧು ಹೆಚ್ಚಾಗಿ ಸೇವಿಸಿದರೆ ರಕ್ತದೊತ್ತಡ ಏರಿ ಪೊಟ್ಯಾಸಿಯಂ ಇಳಿಯುತ್ತದೆ, ಫ್ಯುರೋಸೆಮೈಡ್ ಇರುವವರಿಗೆ ಅದು ಎರಡು ಪಟ್ಟು ತೊಂದರೆ.

ಬದಲಾವಣೆಗಳನ್ನು ಒಂದೊಂದಾಗಿ ಮಾಡಲು ಕೇಳಿಕೊಳ್ಳಿ. ಅಸೆಕ್ಲೊಫೆನಾಕ್ ತಕ್ಷಣ ನಿಲ್ಲಲಿ, ಗ್ಲಿಮೆಪಿರೈಡ್ ಮತ್ತು ಡೋಪಮಿನ್ ತಡೆಯುವ ಎರಡು ಔಷಧಗಳ ನಿರ್ಧಾರ ಮೊದಲ ಭೇಟಿಯಲ್ಲೇ ಆಗಲಿ, ಆಮ್ಲೋಡಿಪಿನ್–ಫ್ಯುರೋಸೆಮೈಡ್ ಆಮೇಲೆ, ಅಲ್ಪ್ರಜೋಲಮ್ ಎಲ್ಲಕ್ಕಿಂತ ನಿಧಾನ. ಪ್ರತಿ ಬದಲಾವಣೆಯ ದಿನಾಂಕವನ್ನೂ ಕಾರಣವನ್ನೂ ಕನ್ನಡದಲ್ಲಿ ಒಂದು ಪುಸ್ತಕದಲ್ಲಿ ಬರೆದಿಡಿ. ಮತ್ತೆ ಆಸ್ಪತ್ರೆ ಸೇರಬೇಕಾಗಿ ಬಂದರೆ ಮೊದಲ ದಿನವೇ ಆ ಪುಸ್ತಕ ಕೊಡಿ, ಬಿಡುಗಡೆಯಾಗುವ ದಿನ ಯಾವುದು ಮುಂದುವರಿದಿದೆ, ಯಾವುದು ಬದಲಾಗಿದೆ, ಯಾವುದು ನಿಂತಿದೆ ಎಂದು ಕೇಳಿ ಬರೆಸಿಕೊಳ್ಳಿ. ಬೋಧನಾ ಆಸ್ಪತ್ರೆಗಳಲ್ಲಿ ಫಾರ್ಮ್.ಡಿ ಓದಿದ ಔಷಧತಜ್ಞರು ಇರುತ್ತಾರೆ, ಈ ಕೆಲಸಕ್ಕೆ ಅವರ ನೆರವು ಕೇಳಬಹುದು. ಔಷಧದಿಂದ ತೊಂದರೆಯಾಗಿದೆಯೆಂಬ ಅನುಮಾನವಿದ್ದರೆ ಕೇಂದ್ರ ಸರ್ಕಾರದ ಔಷಧ ಸುರಕ್ಷತಾ ಕಾರ್ಯಕ್ರಮದ 1800-180-3024 ಎಂಬ ಉಚಿತ ಸಂಖ್ಯೆಗೆ ರೋಗಿಯ ಮನೆಯವರೂ ವರದಿ ಮಾಡಬಹುದು.

ಮೊದಲ ಬದಲಾವಣೆಯಾದ ಎರಡು ವಾರಕ್ಕೆ ಸೋಡಿಯಂ, ಪೊಟ್ಯಾಸಿಯಂ, ಕ್ರಿಯಾಟಿನಿನ್ ಪರೀಕ್ಷೆಯಾಗಲಿ. ಆ ನಡುವೆ ವಾಂತಿಭೇದಿಯಾಗಿ ಊಟ ಸೇರದ ದಿನಗಳು ಬಂದರೆ ಮೆಟ್‌ಫಾರ್ಮಿನ್, ಟೆಲ್ಮಿಸಾರ್ಟನ್–ಹೈಡ್ರೋಕ್ಲೋರೋಥಯಾಜೈಡ್, ಫ್ಯುರೋಸೆಮೈಡ್ ಇವುಗಳನ್ನು ತಡೆಹಿಡಿಯಬೇಕೇ, ಗ್ಲಿಮೆಪಿರೈಡ್ ಏನು ಮಾಡಬೇಕು, ಎಷ್ಟು ದಿನದ ಮೇಲೆ ಮತ್ತೆ ಆರಂಭಿಸಬೇಕು ಎಂಬುದನ್ನು ಈಗಲೇ ಕೇಳಿ ಪುಸ್ತಕದ ಮೊದಲ ಪುಟದಲ್ಲಿ ಬರೆಸಿಕೊಂಡಿರಿ.